ಫೋಲ್ಡರ್ ಐಕಾನ್‌ಗೆ ನಮ್ಮ ದಾರ ಕಟ್ಟುವ ಫೈಲ್ ಬಿಡಿಸಬಹುದಾ? 16 ಪಿಕ್ಸೆಲ್‌ಗೆ ಇಳಿಸಿದರೆ ಎಲ್ಲಾ ಮಸುಕು

ವಿಜಯನಗರ_ಗೆರೆ
ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ನಾವು ಕೆಲವು ಗೆಳೆಯರು ಸೇರಿ ಹಳೇ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ, ಮಕ್ಕಳೂ ದೊಡ್ಡವರೂ ಬಂದು ಕಲಿಯುವಂಥ ಒಂದು ಕೋಣೆ ನಡೆಸುತ್ತಿದ್ದೇವೆ. ರ‍್ಯಾಮ್ ಕಡಿಮೆ ಇರೋದರಿಂದ ಎಕ್ಸ್‌ಎಫ್‌ಸಿಇ ಅನ್ನೋ ಹಗುರವಾದ ಡೆಸ್ಕ್‌ಟಾಪ್. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಮೊದಲ ಸಲ ಮೌಸ್ ಹಿಡಿಯುವ ಹೆಂಗಸರೂ ಇದ್ದಾರೆ.

ಇವರಿಗಾಗಿ ಒಂದು ಐಕಾನ್ ಥೀಮ್, ಅಂದರೆ ಡೆಸ್ಕ್‌ಟಾಪ್‌ನ ಐಕಾನ್‌ಗಳ ಒಂದು ಗುಂಪು, ಬಿಡಿಸಲು ಶುರು ಮಾಡಿದ್ದೇನೆ. ಫೋಲ್ಡರ್ ಅಂದರೆ ಆ ಹಳದಿ ರಟ್ಟು, ಮೇಲೊಂದು ಕಿವಿ. ಅಂಥದ್ದನ್ನು ನಮ್ಮ ಊರಿನ ಆಫೀಸಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ನಮ್ಮಲ್ಲಿ ಇರೋದು ಬಟ್ಟೆಯ ಬೆನ್ನು, ದಾರ ಕಟ್ಟುವ ರಟ್ಟಿನ ಫೈಲ್. ಅದನ್ನೇ ಬಿಡಿಸಿದೆ. 128 ಪಿಕ್ಸೆಲ್ (ಪರದೆಯ ಚುಕ್ಕಿ) ಅಳತೆಯಲ್ಲಿ ಚೆಂದ ಕಾಣುತ್ತದೆ, 48ರಲ್ಲೂ ಪರವಾಗಿಲ್ಲ. ಫೈಲ್ ಮ್ಯಾನೇಜರ್‌ನ ಪಟ್ಟಿಯಲ್ಲಿ 16ಕ್ಕೆ ಬಂದರೆ ಕಂದು ಬಣ್ಣದ ಮಣ್ಣು ಹೆಂಟೆ.

ಎರಡು ಪ್ರಶ್ನೆ. ಒಂದು, ಈ ದಾರದ ಫೈಲ್ ಯೋಚನೆ ಸರಿಯಾ? ಎರಡು, ಚಿಕ್ಕ ಅಳತೆಯಲ್ಲಿ ಇದನ್ನು ಉಳಿಸಿಕೊಳ್ಳೋದು ಹೇಗೆ? ಹೋಮ್ (ನಮ್ಮ ಫೈಲ್‌ಗಳೆಲ್ಲಾ ಇರುವ ಫೋಲ್ಡರ್), ಕಸದ ಬುಟ್ಟಿ, ಸೇವ್ ಇವುಗಳ ಬಗ್ಗೆಯೂ ಹೇಳಿ.

ಬನಶಂಕರಿ_ಬಸ್‌ಸ್ಟಾಪ್
ಪಪೈರಸ್ ಅನ್ನೋ ಸಿದ್ಧ ಐಕಾನ್ ಥೀಮ್ ಹಾಕಿ, ಕೆಲಸ ಮುಗೀತು. ಸಾವಿರಾರು ಐಕಾನ್ ಇದೆ, ಬಿಟ್ಟಿ, ಚೆನ್ನಾಗಿದೆ. ನಿಮ್ಮ ಕೋಣೆಯಲ್ಲಿ ಕಲಿತ ಹುಡುಗಿ ನಾಳೆ ಕೆಲಸಕ್ಕೆ ಸೇರುವ ಆಫೀಸಿನಲ್ಲಿ ವಿಂಡೋಸ್ ಇರುತ್ತದೆ, ಹಳದಿ ಫೋಲ್ಡರ್ ಇರುತ್ತದೆ. ಅಲ್ಲಿ ದಾರದ ಫೈಲ್ ಹುಡುಕಿ ಕಂಗಾಲಾಗಬೇಕಾ?

ಗಣಕ_ಮೇಷ್ಟ್ರು
ಸರ್ಕಾರಿ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡಿ ನಿವೃತ್ತನಾದವನು ನಾನು. ಮಕ್ಕಳ ವಿಷಯದಲ್ಲಿ ಬನಶಂಕರಿಯವರ ಭಯ ಬೇಡ. ಒಂದು ಚಿತ್ರ ಬದಲಾದರೆ ಅರ್ಧ ಗಂಟೆಯಲ್ಲಿ ಹೊಂದಿಕೊಳ್ಳುತ್ತಾರೆ.

ದೊಡ್ಡವರ ಕತೆ ಬೇರೆ. ನಮ್ಮ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ಅಕ್ಕನಿಗೆ ಬಿಲ್ ಬರೆಯಲು ಕಂಪ್ಯೂಟರ್ ಹೇಳಿಕೊಟ್ಟೆ. ಅವರು ಐಕಾನ್ ಚಿತ್ರ ನೋಡುತ್ತಲೇ ಇರಲಿಲ್ಲ. "ಎಡಗಡೆ ಮೂರನೇದು" ಅಂತ ನೆನಪಿಟ್ಟುಕೊಂಡಿದ್ದರು. ಮಗ ಬಂದು ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು ಆಟ ಹಾಕಿದ. ಎಲ್ಲ ಒಂದು ಮನೆ ಕೆಳಗೆ ಸರಿಯಿತು. ಆ ದಿನ ಬಿಲ್ ಬದಲು ಆಟ ತೆರೆದುಕೊಂಡಿತು, ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾರೆ. ಆದ್ದರಿಂದ ಚಿತ್ರ ಯಾವುದೇ ಇರಲಿ ತಾಯಿ, ಜಾಗ ಕದಲದ ಹಾಗೆ ಮೊದಲು ನೋಡಿಕೊಳ್ಳಿ.

ಇಂಕ್‌ಸ್ಕೇಪ್_ಅಕ್ಕ
ಎರಡನೇ ಪ್ರಶ್ನೆಗೆ ಉತ್ತರ: ಇಳಿಸಬೇಡಿ, ಮತ್ತೆ ಬಿಡಿಸಿ. ಎಸ್‌ವಿಜಿ, ಅಂದರೆ ಚುಕ್ಕಿಯ ಬದಲು ಗೆರೆಗಳಾಗಿ ಉಳಿಸುವ ಚಿತ್ರ, ಅದನ್ನು ಎಷ್ಟು ಬೇಕಾದರೂ ಹಿಗ್ಗಿಸಿ ಕುಗ್ಗಿಸಬಹುದು ಅಂತ ಎಲ್ಲರೂ ಹೇಳುತ್ತಾರೆ. ಹಿಗ್ಗಿಸೋದಕ್ಕೆ ಸರಿ. ಕುಗ್ಗಿಸುವಾಗ ಗೆರೆಗಳು ಪಿಕ್ಸೆಲ್ ಮನೆಗಳ ಮೇಲೆ ಕೂರೋದಿಲ್ಲ.

ನಿಮ್ಮ ಮಸುಕಿಗೆ ಕಾರಣ ಇಷ್ಟೇ. ಗೆರೆಯ ದಪ್ಪ ಪಾಥ್‌ನ (ನಾವು ಎಳೆದ ದಾರಿಯ) ಎರಡೂ ಕಡೆಗೆ ಅರ್ಧರ್ಧ ಹರಡುತ್ತದೆ. 1 ಪಿಕ್ಸೆಲ್ ದಪ್ಪದ ಗೆರೆಯನ್ನು ಸರಿಯಾಗಿ 3ರ ಮೇಲೆ ಇಟ್ಟರೆ ಅದು 2.5ರಿಂದ 3.5ರವರೆಗೆ ಬರುತ್ತದೆ. ಅಂದರೆ ಎರಡು ಪಿಕ್ಸೆಲ್‌ನಲ್ಲಿ ಅರ್ಧ ಅರ್ಧ. ಪರದೆಯಲ್ಲಿ ಅರ್ಧ ಪಿಕ್ಸೆಲ್ ಇಲ್ಲ, ಹಾಗಾಗಿ ಎರಡನ್ನೂ ತೆಳು ಬಣ್ಣದಲ್ಲಿ ತುಂಬುತ್ತದೆ. ಅದೇ ಗೆರೆಯನ್ನು 3.5ರ ಮೇಲೆ ಇಡಿ, ಒಂದೇ ಪಿಕ್ಸೆಲ್ ಗಟ್ಟಿಯಾಗಿ ತುಂಬುತ್ತದೆ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ 1 ಪಿಕ್ಸೆಲ್ ಗ್ರಿಡ್ ಹಾಕಿ, ಪುಟವನ್ನು 16×16 ಮಾಡಿ, ಪಕ್ಕದಲ್ಲಿ ಐಕಾನ್ ಪ್ರಿವ್ಯೂ ತೆರೆದಿಟ್ಟುಕೊಂಡೇ ಬಿಡಿಸಿ.

ವಿಜಯನಗರ_ಗೆರೆ
ಅಕ್ಕಾ, 3.5ಕ್ಕೆ ಸರಿಸಿದ ತಕ್ಷಣ ಅಂಚು ಚೂರಿಯ ಹಾಗೆ ಬಂತು! ಆದರೆ ದಾರ, ಗಂಟು, ಬಟ್ಟೆ ಬೆನ್ನು, ಲೇಬಲ್ ಇಷ್ಟೂ 16ರಲ್ಲಿ ಹಿಡಿಯುತ್ತಿಲ್ಲ.

ಇಂಕ್‌ಸ್ಕೇಪ್_ಅಕ್ಕ
ಹಿಡಿಸಲೂ ಬೇಡಿ. ಸುತ್ತ ಒಂದು ಪಿಕ್ಸೆಲ್ ಖಾಲಿ ಬಿಟ್ಟರೆ ಅಗಲ 14 ಉಳಿಯಿತು. ಎತ್ತರ 11 ಅಥವಾ 12 ಸಾಕು. ಹೊರ ಅಂಚು ಗಾಢ ಕಂದು, ಒಂದು ಪಿಕ್ಸೆಲ್. ಎಡಕ್ಕೆ ಮೂರು ಪಿಕ್ಸೆಲ್ ಪಟ್ಟಿ, ಅದೇ ಬಟ್ಟೆಯ ಬೆನ್ನು. ಬಲಗಡೆ ಮೇಲಿಂದ ಕೆಳಕ್ಕೆ ಒಂದು ಪಿಕ್ಸೆಲ್ ಕೆಂಪು ಗೆರೆ, ಅದೇ ದಾರ. ನಡುವೆ 2×2 ಕೆಂಪು ಚೌಕ, ಅದೇ ಗಂಟು. ಲೇಬಲ್ ತೆಗೆದುಹಾಕಿ. ನೆರಳು, ಗ್ರೇಡಿಯೆಂಟ್ ಎಲ್ಲಾ ತೆಗೆದುಹಾಕಿ.

24ರಲ್ಲಿ ದಾರದ ತುದಿ ಜೋತುಬಿಡಿ. 48ರಲ್ಲಿ ಲೇಬಲ್ ಸೇರಿಸಿ. ಬಟ್ಟೆಯ ನೇಯ್ಗೆ ತೋರಿಸಲೇಬೇಕು ಅಂದರೆ ಅದು 128ಕ್ಕೆ. ಮೂರ್ನಾಲ್ಕು ಬೇರೆ ಬೇರೆ ಚಿತ್ರ, ನೋಡಿದವರಿಗೆ ಒಂದೇ ಫೈಲ್ ಅನ್ನಿಸಬೇಕು.

ಕಪ್ಪುಬಿಳುಪು
ಇಲ್ಲಿ ಸುಸಾನ್ ಕೇರ್ ಅವರನ್ನು ನೆನೆಯದೆ ಹೋದರೆ ಆಗಲ್ಲ. 1984ರ ಮ್ಯಾಕಿಂಟಾಷ್ ಐಕಾನ್‌ಗಳು ಅವರ ಕೈಕೆಲಸ. 32×32 ಚೌಕ, ಅಂದರೆ 1024 ಚುಕ್ಕಿ. ಒಂದೊಂದು ಚುಕ್ಕಿಯೂ ಒಂದೋ ಕಪ್ಪು, ಇಲ್ಲ ಬಿಳಿ, ಬೂದು ಅನ್ನೋದೇ ಇಲ್ಲ. ಗ್ರಾಫ್ ಪೇಪರ್‌ನಲ್ಲಿ ಮನೆ ಎಣಿಸಿ ತುಂಬುತ್ತಿದ್ದರು. ಆಮೇಲೆ ಮ್ಯಾಕ್ ತಂಡದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಅನ್ನುವವರು ಕೇರ್‌ಗಾಗಿಯೇ ಐಕಾನ್ ಎಡಿಟರ್ ಬರೆದುಕೊಟ್ಟರು. ಕೇರ್ ಅವರೇ 1990ರ ವಿಂಡೋಸ್ 3.0ಗೂ ಐಕಾನ್ ಬಿಡಿಸಿದರು. ನಾವೆಲ್ಲಾ ಆಡಿದ ಸಾಲಿಟೇರ್ ಎಲೆಗಳೂ ಅವರದ್ದೇ.

ಕಡಿಮೆ ಚುಕ್ಕಿ ಇದ್ದಾಗ ಏನು ಬಿಡಬೇಕು ಅನ್ನೋದು ತಾನೇ ಗೊತ್ತಾಗುತ್ತದೆ. ನಾನು ಹೇಳೋದು: ಮೊದಲು 16 ಬಿಡಿಸಿ, ಅದೂ ಕಪ್ಪು ಬಿಳುಪಿನಲ್ಲಿ. ಗುರುತು ಸಿಕ್ಕರೆ ಬಣ್ಣ ಹಾಕಿ, ಆಮೇಲೆ ದೊಡ್ಡದು ಮಾಡಿ. ನೀವು 128ರಿಂದ ಕೆಳಕ್ಕೆ ಬರುತ್ತಿದ್ದೀರಿ, ದಿಕ್ಕು ತಿರುಗಿಸಿ.

ತುಮಕೂರು_ರಸ್ತೆ
ಡಿಸೈನ್ ಓದುತ್ತಿದ್ದೇನೆ. 16ರಿಂದಲೇ ಶುರು ಮಾಡಬೇಕು ಅನ್ನೋದನ್ನು ಒಪ್ಪೋದಿಲ್ಲ. ಈಗಿನ ಮ್ಯಾಕ್ ಐಕಾನ್ 1024 ಪಿಕ್ಸೆಲ್‌ವರೆಗೆ ಹೋಗುತ್ತದೆ, ವಿಂಡೋಸ್ 256 ಕೇಳುತ್ತದೆ. ದೊಡ್ಡದರಲ್ಲಿ ಆಕಾರ ಹುಡುಕಿಕೊಂಡು, ಚಿಕ್ಕದಕ್ಕೆ ಸೋಸುವವರು ಎಷ್ಟೋ ಜನ ಇದ್ದಾರೆ.

ನನ್ನ ತಕರಾರು ದಾರದ ಬಗ್ಗೆ. ಕಟ್ಟಿದ ಫೈಲ್ ನೋಡಿದರೆ "ಮುಚ್ಚಿದೆ, ಮುಟ್ಟಬೇಡ" ಅನ್ನಿಸುತ್ತದೆ. ಫೋಲ್ಡರ್ ಐಕಾನ್ "ಬಾ, ತೆಗೆ" ಅನ್ನಬೇಕು. ಪಾಸ್‌ವರ್ಡ್ ಹಾಕಿದ ಫೋಲ್ಡರ್ ಅಂತ ಯಾರಾದರೂ ತಿಳಿದರೆ?

ಬನಶಂಕರಿ_ಬಸ್‌ಸ್ಟಾಪ್
ಅದೇ ನಾನು ಹೇಳಿದ್ದು! ದಾರ ಅಂದರೆ ಸರ್ಕಾರಿ ಕಚೇರಿ. ಆ ಫೈಲ್ ಕಂಡರೇ ಜನಕ್ಕೆ ಸುಸ್ತು.

ಚಿಕ್ಕಪೇಟೆ_ಲೆಕ್ಕ
ನಮ್ಮ ಅಂಗಡಿಯಲ್ಲಿ ಲೆಕ್ಕದ ಕಾಗದ ಎಲ್ಲಾ ಬಾಕ್ಸ್ ಫೈಲ್‌ನಲ್ಲಿ. ದಪ್ಪ ರಟ್ಟು, ಒಳಗೆ ಕಬ್ಬಿಣದ ಕ್ಲಿಪ್, ಬೆನ್ನಿನ ಮೇಲೆ ಬೆರಳು ತೂರಿಸಿ ಎಳೆಯಲು ಒಂದು ತೂತು. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿರುತ್ತೇವೆ. ದಾರದ ಫೈಲ್ ವಕೀಲರ ಹತ್ತಿರ ನೋಡಿದ್ದೇನೆ. ಮಕ್ಕಳಿಗೆ ಗೊತ್ತಿರೋದು ಬಟನ್ ಹಾಕುವ ಪ್ಲಾಸ್ಟಿಕ್ ಫೈಲ್, ಮಾರ್ಕ್ಸ್ ಕಾರ್ಡ್ ಇಡೋದು. ನಮ್ಮ ಊರಿನ ಫೈಲ್ ಅಂದರೆ ಯಾವುದು ಮೇಡಂ?

ಗಣಕ_ಮೇಷ್ಟ್ರು
ಒಳ್ಳೆ ಮಾತು. ಇದು ತೀರ್ಮಾನ ಆಗಬೇಕಾದದ್ದು ಕೋಣೆಗೆ ಬರುವವರ ಹತ್ತಿರ, ನಮ್ಮ ಹತ್ತಿರ ಅಲ್ಲ.

ಹನುಮಂತನಗರದವಳು
ಮೇಷ್ಟ್ರು ಹೇಳಿದ್ದಕ್ಕೆ ಒಂದು ಗಟ್ಟಿ ಆಧಾರ ನಮ್ಮ ಊರಿನಲ್ಲೇ ಇದೆ. ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಕೇಂದ್ರದಲ್ಲಿ ಇಂದ್ರಾಣಿ ಮೇಧಿ ಮತ್ತು ಜೊತೆಯವರು, ಓದು ಬರಹ ಬಾರದವರಿಗಾಗಿ ಅಕ್ಷರವೇ ಇಲ್ಲದ ಪರದೆ ಹೇಗಿರಬೇಕು ಅಂತ ಕೆಲಸ ಮಾಡಿದರು. ಇಲ್ಲಿನ ಕೊಳೆಗೇರಿಗಳಲ್ಲಿ ಇರುವ, ಮನೆಗೆಲಸಕ್ಕೆ ಹೋಗುವ ಹೆಂಗಸರ ಜೊತೆ ಕೂತು ಮಾಡಿದ ಕೆಲಸ ಅದು. ಕೆಲಸ ಹುಡುಕಿಕೊಳ್ಳುವ ಒಂದು ಪ್ರೋಗ್ರಾಂ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಪಾತ್ರೆ ತೊಳೆಯುವ ಚಿತ್ರ. ಸಿಂಕ್ ಮತ್ತು ಪಾತ್ರೆ ಬಿಡಿಸಿಟ್ಟರೆ ಅದು ಬರೀ ಸಾಮಾನು. ನಲ್ಲಿಯಿಂದ ನೀರು ಸುರಿಯುವುದನ್ನು ತೋರಿಸಿದಾಗ ಅದು ಕೆಲಸ ಆಯಿತು. ಅಂದರೆ ವಸ್ತು ಬೇರೆ, ಕ್ರಿಯೆ ಬೇರೆ. ಫೋಲ್ಡರ್, ಕಸದ ಬುಟ್ಟಿ ಇವು ವಸ್ತು. ಸೇವ್, ಪ್ರಿಂಟ್, ಕಳಿಸು ಇವು ಕ್ರಿಯೆ. ಇವೆರಡಕ್ಕೂ ಒಂದೇ ಥರ ಚಿತ್ರ ಬಿಡಿಸಿದರೆ ಹೊಸಬರಿಗೆ ಕಷ್ಟ. ಕ್ರಿಯೆಗೆ ಏನೋ ಒಂದು ಚಲನೆ ಬೇಕು. ನಿಮ್ಮ ಪಟ್ಟಿಯನ್ನು ಮೊದಲು ಹೀಗೆ ಎರಡು ಭಾಗ ಮಾಡಿಕೊಳ್ಳಿ.

ಕಪ್ಪುಬಿಳುಪು
ಜನರ ಹತ್ತಿರ ಕೇಳೋದು ಮೊದಲಿನಿಂದಲೂ ಇದೆ. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್‌ಗೆ ಬೇರೆ ಬೇರೆಯವರು ಬಿಡಿಸಿದ ನಾಲ್ಕು ಗುಂಪು ಐಕಾನ್ ಇಟ್ಟುಕೊಂಡು, ಜನಕ್ಕೆ ತೋರಿಸಿ ಆರಿಸಿದರು. ಮೂಲೆ ಮಡಚಿದ ಕಾಗದ ಇದೆಯಲ್ಲ, ಡಾಕ್ಯುಮೆಂಟ್ ಐಕಾನ್, ಅದು ಅಲ್ಲಿಂದ ಬಂದ ರೂಢಿ.

ಎಸ್‌ಪಿರೋಡ್_ರಿಪೇರಿ
ಸೇವ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಆ ಐಕಾನ್‌ನಲ್ಲಿ ಇರೋದು ಹಳೇ ಕಾಲದ ಫ್ಲಾಪಿ ಡಿಸ್ಕ್. ನಮ್ಮ ಅಂಗಡಿಗೆ ಇವತ್ತಿಗೂ ಫ್ಲಾಪಿ ಕೇಳಿಕೊಂಡು ಬರುವವರು ಅಪರೂಪಕ್ಕೆ ಇದ್ದಾರೆ, ಹಳೇ ಕಸೂತಿ ಮೆಷಿನ್‌ಗೆ, ಕಾರ್ಖಾನೆಯ ಹಳೇ ಸಿಎನ್‌ಸಿ ಯಂತ್ರಕ್ಕೆ. 1.44 ಎಂಬಿ. ಸೋನಿ 2011ರಲ್ಲೇ ಜಪಾನಿನಲ್ಲಿ ಮಾರೋದು ನಿಲ್ಲಿಸಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಅದು ಒಂದು ನೀಲಿ ಚೌಕ ಅಷ್ಟೇ.

ಆದರೂ ನಾನು ಹೇಳೋದು ಅದನ್ನು ಮುಟ್ಟಬೇಡಿ. ಫ್ಲಾಪಿ ಏನು ಅಂತ ಗೊತ್ತಿಲ್ಲದ ಹುಡುಗನೂ "ಅದು ಒತ್ತಿದರೆ ಸೇವ್" ಅನ್ನುತ್ತಾನೆ. ಗುರುತು ಬೇರೂರಿಬಿಟ್ಟಿದೆ. ಅದರ ಜಾಗಕ್ಕೆ ಏನು ಇಡುತ್ತೀರಿ? ಪೆನ್ ಡ್ರೈವ್ ಇಟ್ಟರೆ ಪೆನ್ ಡ್ರೈವ್‌ಗೆ ಹೋಗುತ್ತದೆ ಅಂದುಕೊಳ್ಳುತ್ತಾರೆ.

ತುಮಕೂರು_ರಸ್ತೆ
ಟ್ಯಾಂಗೋ ಅನ್ನೋ ಹಳೇ ಐಕಾನ್ ಥೀಮ್‌ನಲ್ಲಿ ಸೇವ್‌ಗೆ ಹಾರ್ಡ್ ಡಿಸ್ಕ್ ಮೇಲೆ ಕೆಳಮುಖ ಬಾಣ ಇಟ್ಟಿದ್ದರು. ಹನುಮಂತನಗರದವರು ಹೇಳಿದ ಚಲನೆಯೂ ಅದರಲ್ಲಿ ಇದೆ.

ಎಸ್‌ಪಿರೋಡ್_ರಿಪೇರಿ
ಈಗ ಆ ಬಾಣ ನೋಡಿದರೆ ಡೌನ್‌ಲೋಡ್ ಅನ್ನುತ್ತಾರೆ ಗುರು. ಎಲ್ಲರ ಫೋನಿನಲ್ಲೂ ಕೆಳಮುಖ ಬಾಣ ಅಂದರೆ ಡೌನ್‌ಲೋಡ್. ಮತ್ತೆ ಹಾರ್ಡ್ ಡಿಸ್ಕ್ ಹೇಗಿರುತ್ತದೆ ಅಂತ ಎಷ್ಟು ಜನ ನೋಡಿದ್ದಾರೆ? ಫ್ಲಾಪಿಯನ್ನಾದರೂ ಕೈಯಲ್ಲಿ ಹಿಡಿದವರಿದ್ದಾರೆ. ಡಿಸ್ಕ್ ಡಬ್ಬದೊಳಗೆ ಇರುತ್ತದೆ.

ಪ್ಯಾಕೇಜ್_ಪಾಲಕ
ಸೇವ್ ಬಗ್ಗೆ ಇಷ್ಟು ಜಗಳ ಆಡುವ ಮೊದಲು ಒಂದು ವಿಷಯ. ಬರವಣಿಗೆ, ಲೆಕ್ಕಕ್ಕೆ ಬಳಸುವ ಲಿಬ್ರೆಆಫೀಸ್ ನಿಮ್ಮ ಸಿಸ್ಟಮ್ ಐಕಾನ್ ಥೀಮ್‌ನಿಂದ ಟೂಲ್‌ಬಾರ್ ಚಿತ್ರ ತೆಗೆದುಕೊಳ್ಳೋದಿಲ್ಲ. ಅದರದ್ದೇ ಥೀಮ್‌ಗಳು ಒಳಗಿರುತ್ತವೆ: ಕೊಲಿಬ್ರೆ, ಬ್ರೀಜ್, ಎಲಿಮೆಂಟರಿ, ಸಿಫರ್ ಹೀಗೆ. ಅದರ ಆಪ್ಷನ್ಸ್‌ನಲ್ಲೇ ಆರಿಸಿಕೊಳ್ಳಬೇಕು. ಫೈರ್‌ಫಾಕ್ಸ್ ಕೂಡ ತನ್ನ ಬಟನ್‌ಗಳನ್ನು ತಾನೇ ಬಿಡಿಸಿಕೊಳ್ಳುತ್ತದೆ. ಅಂದರೆ ನಿಮ್ಮ ಕೋಣೆಯ ಜನ ಅತಿ ಜಾಸ್ತಿ ಒತ್ತುವ ಸೇವ್ ಬಟನ್ ನಿಮ್ಮ ಕೈಯಲ್ಲಿ ಇಲ್ಲವೇ ಇಲ್ಲ.

ನಿಮ್ಮ ಕೈಯಲ್ಲಿರೋದು ಡೆಸ್ಕ್‌ಟಾಪ್, ಫೈಲ್ ಮ್ಯಾನೇಜರ್, ಮೆನು, ಪ್ಯಾನೆಲ್. ಶ್ರಮ ಅಲ್ಲಿ ಹಾಕಿ.

ವಿಜಯನಗರ_ಗೆರೆ
ಇದು ದೊಡ್ಡ ಉಪಕಾರ ಆಯಿತು ಸರ್. ಹಾಗಾದರೆ ಸೇವ್ ಪಟ್ಟಿಯಿಂದ ಹೋಯಿತು, ಅಲ್ಲಿ ಫ್ಲಾಪಿಯೇ ಇರಲಿ. ಇನ್ನು ಕಸದ ಬುಟ್ಟಿ ಮತ್ತು ಹೋಮ್. ಹೋಮ್‌ಗೆ ಎಲ್ಲಾ ಕಡೆ ಚಿಮಣಿ ಇರುವ ಮನೆ. ವಿಜಯನಗರದಲ್ಲಿ ಯಾರ ಮನೆಗೂ ಚಿಮಣಿ ಇಲ್ಲ. ತಾರಸಿ, ಮೇಲೊಂದು ಸಿಂಟೆಕ್ಸ್ ಟ್ಯಾಂಕ್. ಅದನ್ನು ಬಿಡಿಸಿದರೆ?

ಇಂಕ್‌ಸ್ಕೇಪ್_ಅಕ್ಕ
ತಾರಸಿ ಮನೆ 16ರಲ್ಲಿ ಬರೀ ಚೌಕ. ಟ್ಯಾಂಕ್ ಇಟ್ಟರೆ ಅದು ಪ್ರಿಂಟರ್ ಥರ ಕಾಣುತ್ತದೆ. ಇಳಿಜಾರು ಚಾವಣಿಯ ಆಕಾರವೇ "ಮನೆ" ಅಂತ ಹೇಳೋದು. ಚಿಮಣಿ ತೆಗೆದು ಹಂಚಿನ ಮನೆ ಮಾಡಿ. ಹಂಚಿನ ಕೆಂಪು, ಬಿಳಿ ಗೋಡೆ, ನಡುವೆ ಬಾಗಿಲು. ನಮ್ಮದೂ ಆಯಿತು, ಎಲ್ಲರಿಗೂ ಗೊತ್ತಾಗುವುದೂ ಆಯಿತು.

ಬನಶಂಕರಿ_ಬಸ್‌ಸ್ಟಾಪ್
ಹೋಮ್ ಫೋಲ್ಡರ್ ಅಂದರೆ ನಿಮ್ಮ ಮನೆ ಅಲ್ಲವಲ್ಲ. ಹೊಸಬರಿಗೆ ಮನೆ ಚಿತ್ರ ನೋಡಿ ಒಳಗೆ ಫೋಟೋ, ಕಾಗದ ಇದೆ ಅಂತ ಹೇಗೆ ಹೊಳೆಯಬೇಕು? ಹಂಚು ಇದ್ದರೇನು, ಆರ್‌ಸಿಸಿ ಇದ್ದರೇನು.

ಹನುಮಂತನಗರದವಳು
ಬನಶಂಕರಿಯವರು ಇಲ್ಲಿ ಸರಿ. ಚಿತ್ರ ನಮ್ಮ ಊರಿನದು ಆದ ಮಾತ್ರಕ್ಕೆ ಅರ್ಥ ಆಗಿಬಿಡೋದಿಲ್ಲ. ಹೋಮ್‌ಗೆ ಕೆಳಗಿನ ಹೆಸರೇ ದಿಕ್ಕು. "ನನ್ನ ಫೈಲ್‌ಗಳು" ಅಂತ ಬರೆದು ನೋಡಿ.

ಒತ್ತಕ್ಷರ
ಹೆಸರಿನ ಮಾತು ಬಂತು, ಅದಕ್ಕೇ ಕಾಯುತ್ತಿದ್ದೆ. ಐಕಾನ್ ಎಷ್ಟು ಚೆನ್ನಾಗಿದ್ದರೂ ಕೆಳಗಿನ ಕನ್ನಡ ಓದಲು ಬರದಿದ್ದರೆ ಪ್ರಯೋಜನ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಅಂತ ಅಳೆದ ಸಾಲಿನಲ್ಲಿ ನಮ್ಮ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುವುದು, ಇಲ್ಲ ಕೆಳಗಿನ ಸಾಲಿಗೆ ತಗಲುವುದು ಎಷ್ಟೋ ಸಲ ಆಗುತ್ತದೆ. "ಪುಸ್ತಕ" ಅಂತ ಹಾಕಿ ನೋಡಿ, ತ ಒತ್ತು ಪೂರ್ತಿ ಕಾಣಬೇಕು. "ಚಿತ್ರಗಳು" ಅನ್ನೋದರಲ್ಲಿ ರ ಒತ್ತು ಕಾಣಬೇಕು. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಅಕ್ಷರದ ಅಳತೆ ಇಂಗ್ಲಿಷ್‌ಗಿಂತ ಒಂದು ಅಂಕ ಜಾಸ್ತಿ ಇಡಿ. ಹೆಸರು ಗಿಡ್ಡ ಇರಲಿ. ಉದ್ದ ಆದರೆ ಡೆಸ್ಕ್‌ಟಾಪ್ ಅದನ್ನು ಮಧ್ಯದಲ್ಲೇ ನುಂಗಿ ಮೂರು ಚುಕ್ಕಿ ಇಟ್ಟುಬಿಡುತ್ತದೆ.

ಇನ್ನೊಂದು. ಐಕಾನ್ ಒಳಗೆ ಕನ್ನಡ ಅಕ್ಷರ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಕೀಬೋರ್ಡ್ ಭಾಷೆ ತೋರಿಸಲು "ಕ" ಅಥವಾ "ಅ" 16ರಲ್ಲಿ ನಿಲ್ಲುತ್ತದೆ, ಆದರೆ ಫಾಂಟ್‌ನಿಂದ ಎತ್ತಿ ಹಾಕಬೇಡಿ, ಪಿಕ್ಸೆಲ್ ನೋಡಿ ಕೈಯಲ್ಲೇ ಬಿಡಿಸಿ. "ಕ"ದ ತಲೆಕಟ್ಟು, ಅಡ್ಡಗೆರೆ, ಕೆಳಗಿನ ಸುತ್ತು ಮೂರೂ ಬೇರೆಯಾಗಿ ಕಾಣಬೇಕು, ನಡುವೆ ಒಂದೊಂದು ಪಿಕ್ಸೆಲ್ ಖಾಲಿ ಇರಬೇಕು. ಸುತ್ತಿನ ಒಳಗಿನ ಆ ಖಾಲಿ ಮುಚ್ಚಿಹೋದರೆ ಅಕ್ಷರ ಸತ್ತ ಹಾಗೆ. "ಕ್ಷ" ಥರದ್ದನ್ನು ಪ್ರಯತ್ನಿಸಲೇಬೇಡಿ.

ಚಿಕ್ಕಪೇಟೆ_ಲೆಕ್ಕ
ಓದಲು ಬಾರದವರಿಗೆ ಚಿಹ್ನೆ ಅನ್ನೋದರಲ್ಲಿ ನಮ್ಮ ದೇಶಕ್ಕೆ ಅನುಭವ ಕಡಿಮೆ ಇಲ್ಲ ಸ್ವಾಮಿ. 1951-52ರ ಮೊದಲ ಮಹಾಚುನಾವಣೆಯಲ್ಲೇ ಚಿಹ್ನೆ ನೋಡಿ ಮತ ಹಾಕಿದರು. ಜೋಡಿ ಎತ್ತು, ಗುಡಿಸಲು, ಮರ, ದೀಪ. ಚುನಾವಣಾ ಆಯೋಗದಲ್ಲಿ ಎಂ. ಎಸ್. ಸೇಥಿ ಅನ್ನುವವರು ಪೆನ್ಸಿಲ್ ಹಿಡಿದು ಬಿಡಿಸಿದ ಎಷ್ಟೋ ಚಿಹ್ನೆ ಇವತ್ತಿಗೂ ನಡೆಯುತ್ತಿವೆ. ಬರೀ ಗೆರೆ, ಬಣ್ಣ ಇಲ್ಲ, ಮಾಸಲು ಕಾಗದದಲ್ಲಿ ಅಚ್ಚಾದರೂ ಗುರುತು ಸಿಗುತ್ತದೆ.

ಕಪ್ಪುಬಿಳುಪು
ಅದ್ಭುತ ಉದಾಹರಣೆ. ಮೆಕ್ಸಿಕೋ ಸಿಟಿ ಮೆಟ್ರೋ ಕೂಡ 1969ರಲ್ಲಿ ಶುರುವಾದಾಗಿನಿಂದ ಒಂದೊಂದು ನಿಲ್ದಾಣಕ್ಕೆ ಒಂದೊಂದು ಚಿತ್ರ ಇಟ್ಟುಕೊಂಡಿದೆ. ಲ್ಯಾನ್ಸ್ ವೈಮನ್ ಕೆಲಸ. ನಮ್ಮ ಮೆಟ್ರೋಗೂ ಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ನ್ಯಾಷನಲ್ ಕಾಲೇಜಿಗೆ ಒಂದು, ಲಾಲ್‌ಬಾಗ್‌ಗೆ ಗಾಜಿನ ಮನೆ.

ಎಸ್‌ಪಿರೋಡ್_ರಿಪೇರಿ
ಕೆ.ಆರ್. ಮಾರ್ಕೆಟ್‌ಗೆ ಹೂವಿನ ಮಾಲೆ. ಮೆಜೆಸ್ಟಿಕ್‌ಗೆ ಏನು ಹಾಕುತ್ತೀರಿ?

ಬನಶಂಕರಿ_ಬಸ್‌ಸ್ಟಾಪ್
ಮೆಜೆಸ್ಟಿಕ್‌ಗೆ ಬಸ್ಸು. ಇನ್ನೇನು.

ಗಣಕ_ಮೇಷ್ಟ್ರು
ನಮ್ಮ ಊರಿನದೇ ಇನ್ನೊಂದು ಮರೆತಿರಿ, ಸಿಂಪ್ಯೂಟರ್. ಐಐಎಸ್ಸಿಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಸೇರಿ ಕಲ್ಪಿಸಿದ ಅಂಗೈ ಕಂಪ್ಯೂಟರ್. ಲಿನಕ್ಸ್ ಮೇಲೆ ಓಡುತ್ತಿತ್ತು, ಚಿತ್ರ ಮುಟ್ಟಿ ನಡೆಸುವಂಥದ್ದು. 2004ರಲ್ಲಿ ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಬಿಇಎಲ್ ತಯಾರಿಸಿತು. ಜಾಸ್ತಿ ಮಾರಾಟ ಆಗಲಿಲ್ಲ ಅನ್ನೋದು ನಿಜ. ಆದರೆ ಹಳ್ಳಿಯ ಮನುಷ್ಯನೂ ಪರದೆ ಮುಟ್ಟಿ ಕಂಪ್ಯೂಟರ್ ನಡೆಸಬೇಕು ಅಂತ ಈ ಊರಿನಲ್ಲಿ ಕೂತು ಯೋಚಿಸಿದವರು ಇದ್ದರು. ಹುಡುಗರಿಗೆ ಅದು ಗೊತ್ತಿರಲಿ.

ತುಮಕೂರು_ರಸ್ತೆ
ವಿಷಯಕ್ಕೆ ಬರೋಣ. ಕಸದ ಬುಟ್ಟಿ. ಹಸಿರಾ, ನೀಲಿಯಾ, ಕೆಂಪಾ? ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್ ಥರದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ ಅಂತ ಮನೆಮನೆಗೂ ಹೇಳಿದ್ದಾರೆ. ಫೈಲ್ ಯಾವ ಕಸ?

ಹನುಮಂತನಗರದವಳು
ಫೈಲ್ ಒಣ ಕಸ. ಆದರೆ ಬಣ್ಣದ ಮೇಲೆ ಅರ್ಥ ಹೊರಿಸಬೇಡಿ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ಗಂಡಸರು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಇದ್ದಾರೆ. ಖಾಲಿ ಬುಟ್ಟಿ, ತುಂಬಿದ ಬುಟ್ಟಿ ಎರಡಕ್ಕೂ ಬೇರೆ ಐಕಾನ್ ಬೇಕು, ಆ ವ್ಯತ್ಯಾಸ ಆಕಾರದಲ್ಲೇ ಇರಲಿ. ಮುದುಡಿದ ಕಾಗದ ಅಂಚಿನಿಂದ ಮೇಲೆ ಬರಲಿ. ಖಾಲಿ ಇದ್ದರೆ ಹಸಿರು, ತುಂಬಿದರೆ ಕೆಂಪು ಅಂತ ಮಾಡಿದರೆ ಕೆಲವರಿಗೆ ಎರಡೂ ಒಂದೇ. ಸ್ಕ್ರೀನ್‌ಶಾಟ್ ತೆಗೆದು ಬಣ್ಣ ಪೂರ್ತಿ ಇಳಿಸಿ ನೋಡಿ. ಬೂದು ಬಣ್ಣದಲ್ಲೂ ಎಲ್ಲಾ ಐಕಾನ್ ಬೇರೆಬೇರೆ ಅನ್ನಿಸಬೇಕು.

ಇಂಕ್‌ಸ್ಕೇಪ್_ಅಕ್ಕ
ಬುಟ್ಟಿಗೆ ಪ್ಲಾಸ್ಟಿಕ್ ಬಕೆಟ್ ಆಕಾರ ಇರಲಿ, ಮೇಲೆ ಅಗಲ, ಕೆಳಗೆ ಕಿರಿದು. ಉದ್ದುದ್ದ ಪಟ್ಟೆಯ ತಗಡಿನ ಡ್ರಮ್ ಅಮೆರಿಕದ್ದು. ಎರಡು ಕಡೆ ಒಂದೊಂದು ಪಿಕ್ಸೆಲ್ ಒಳಕ್ಕೆ ಸರಿಸಿದರೂ ಸಾಕು, ಬಕೆಟ್ ಆಗುತ್ತದೆ.

ಮತ್ತೆ ಒಂದು ಮಾತು ಗೆರೆಯವರೇ. ಬೆಳಕು ಎಲ್ಲದಕ್ಕೂ ಮೇಲಿನಿಂದಲೇ ಬರಲಿ, ಅಂಚಿನ ಗೆರೆ ಎಲ್ಲದಕ್ಕೂ ಒಂದೇ ದಪ್ಪ ಇರಲಿ, ಆರೇಳು ಬಣ್ಣ ಮೊದಲೇ ಆರಿಸಿ ಅದರಾಚೆ ಹೋಗಬೇಡಿ. ಒಂದು ಐಕಾನ್ ಎಷ್ಟೇ ಸುಂದರ ಇದ್ದರೂ ಪಕ್ಕದ್ದರ ಜೊತೆ ಹೊಂದದಿದ್ದರೆ ಡೆಸ್ಕ್‌ಟಾಪ್ ಸಂತೆ ಥರ ಕಾಣುತ್ತದೆ. 2005ರಲ್ಲಿ ಶುರುವಾದ ಟ್ಯಾಂಗೋ ಯೋಜನೆಯ ದೊಡ್ಡ ಕೆಲಸ ಅದೇ ಆಗಿತ್ತು: ಬೇರೆಬೇರೆ ಪ್ರೋಗ್ರಾಂಗಳ ಐಕಾನ್ ಪಕ್ಕಪಕ್ಕ ಕೂತರೂ ಒಂದೇ ಮನೆಯವರ ಹಾಗೆ ಕಾಣಬೇಕು ಅಂತ ಬಣ್ಣ, ನೋಟ, ಗೆರೆ ಎಲ್ಲಕ್ಕೂ ನಿಯಮ ಬರೆದರು. ಆ ನಿಯಮ ಈಗಲೂ ಓದಲು ಯೋಗ್ಯ.

ವಿಜಯನಗರ_ಗೆರೆ
ಬೂದು ಬಣ್ಣದ ಪರೀಕ್ಷೆ ಮಾಡಿದೆ. ಫೋಲ್ಡರ್ ಮತ್ತು ಹೋಮ್ ಎರಡೂ ಒಂದೇ ಗಾಢತೆಯಲ್ಲಿ ಬರುತ್ತಿವೆ, ಹಂಚನ್ನು ಇನ್ನಷ್ಟು ಗಾಢ ಮಾಡುತ್ತೇನೆ. ಸರ್, ಪ್ಯಾಕೇಜ್_ಪಾಲಕರೇ, ನಾನು ಎಲ್ಲಾ ಐಕಾನ್ ಬಿಡಿಸಬೇಕಾ? ಪಟ್ಟಿ ನೋಡಿದರೆ ತಲೆ ತಿರುಗುತ್ತದೆ.

ಪ್ಯಾಕೇಜ್_ಪಾಲಕ
ಬೇಡವೇ ಬೇಡ. ಥೀಮ್ ಫೋಲ್ಡರ್‌ನಲ್ಲಿ ಇಂಡೆಕ್ಸ್ ಫೈಲ್ ಇರುತ್ತದಲ್ಲ, ಅದರಲ್ಲಿ ಇನ್ಹೆರಿಟ್ಸ್ ಅನ್ನುವ ಸಾಲಿಗೆ ಪಪೈರಸ್ ಅಂತ ಕೊಡಿ. ನಿಮ್ಮಲ್ಲಿ ಇಲ್ಲದ್ದು ಅಲ್ಲಿಂದ ಬರುತ್ತದೆ, ಅಲ್ಲೂ ಇಲ್ಲದಿದ್ದರೆ ಕೊನೆಗೆ ಹೈಕಲರ್ ಅನ್ನೋ ಮೂಲ ಥೀಮ್‌ನಿಂದ. ಬನಶಂಕರಿಯವರ ಆಸೆಯೂ ಈಡೇರಿತು.

ಹೆಸರುಗಳು ಸ್ಟ್ಯಾಂಡರ್ಡ್ ಪಟ್ಟಿಯಲ್ಲಿ ಇರುವ ಹಾಗೇ ಇರಬೇಕು, ನಿಮ್ಮಿಷ್ಟದ ಹೆಸರು ಇಟ್ಟರೆ ಸಿಸ್ಟಮ್ ಹುಡುಕೋದಿಲ್ಲ. 16, 24, 48ಕ್ಕೆ ಒಂದೊಂದು ಫೋಲ್ಡರ್, ಜೊತೆಗೆ ಎಸ್‌ವಿಜಿ ಇಡಲು ಸ್ಕೇಲಬಲ್ ಒಂದು. ಹಳೇ 22 ಅಳತೆ ಕೇಳುವ ಕಡೆ ಇದ್ದರೆ, 24ರ ಚಿತ್ರವನ್ನು ಸುತ್ತ ಒಂದು ಪಿಕ್ಸೆಲ್ ಖಾಲಿ ಬಿಟ್ಟೇ ಬಿಡಿಸಿ. ಆ ಅಂಚು ಕತ್ತರಿಸಿದರೆ 22 ತಾನೇ ಸಿಗುತ್ತದೆ.

ಐಕಾನ್ ಬದಲಾಯಿಸಿದರೂ ಹಳೇದೇ ಕಾಣುತ್ತಿದೆ ಅಂದರೆ ಐಕಾನ್ ಕ್ಯಾಶ್ (ಸಿಸ್ಟಮ್ ನೆನಪಿಟ್ಟುಕೊಂಡ ಹಳೇ ಪ್ರತಿ) ಅಪ್‌ಡೇಟ್ ಮಾಡಿ. ಬಹಳ ಜನ ಇಲ್ಲಿ ಸುಮ್ನೆ ಒದ್ದಾಡುತ್ತಾರೆ. ಲೈಸೆನ್ಸ್ ಕೂಡ ನೋಡಿಕೊಳ್ಳಿ. ಪಪೈರಸ್ ಜಿಪಿಎಲ್ 3, ಅದರ ಚಿತ್ರ ತಿದ್ದಿ ಹಂಚಿದರೆ ನಿಮ್ಮದೂ ಅದೇ ಲೈಸೆನ್ಸ್‌ನಲ್ಲಿ ಇರಬೇಕು. ಟ್ಯಾಂಗೋವನ್ನು 2009ರಲ್ಲಿ ಪಬ್ಲಿಕ್ ಡೊಮೇನ್‌ಗೆ ಬಿಟ್ಟಿದ್ದಾರೆ, ಹೇಗೆ ಬೇಕಾದರೂ ಬಳಸಿ.

ಗಣಕ_ಮೇಷ್ಟ್ರು
ಡೆಸ್ಕ್‌ಟಾಪ್ ಮೇಲೆ ಎಷ್ಟು ಐಕಾನ್ ಇಡುತ್ತೀರಿ ಮಗಳೇ? ಐದಾರಕ್ಕಿಂತ ಜಾಸ್ತಿ ಬೇಡ.

ವಿಜಯನಗರ_ಗೆರೆ
ಐದೇ ಮೇಷ್ಟ್ರೇ. ನನ್ನ ಫೈಲ್‌ಗಳು, ಬರವಣಿಗೆ, ಇಂಟರ್‌ನೆಟ್, ಚಿತ್ರ ಬಿಡಿಸು, ಕಸದ ಬುಟ್ಟಿ. ಜಾಗ ಕದಲದ ಹಾಗೆ ಹೊಸ ಫೈಲ್‌ಗಳು ಡೆಸ್ಕ್‌ಟಾಪ್‌ಗೆ ಬರದಂತೆ ಮಾಡುತ್ತೇನೆ. ಈಗ ಜನರ ಹತ್ತಿರ ತೋರಿಸಬೇಕು. "ಇದು ಏನು ಹೇಳಿ" ಅಂತ ಕೇಳಿದರೆ ಸಾಕಾ?

ಹನುಮಂತನಗರದವಳು
ಹಾಗೆ ಕೇಳಲೇಬೇಡಿ. ಪರೀಕ್ಷೆ ಅಂದುಕೊಂಡು ಹೆದರುತ್ತಾರೆ. ಇಲ್ಲ ನಿಮಗೆ ಖುಷಿ ಆಗಲಿ ಅಂತ "ಚೆನ್ನಾಗಿದೆ ಕಣಮ್ಮ" ಅನ್ನುತ್ತಾರೆ. ಕೆಲಸ ಕೊಡಿ. "ನಿನ್ನೆ ಇಟ್ಟ ನಿಮ್ಮ ಮಗಳ ಫೋಟೋ ತೆಗೆಯಿರಿ" ಅನ್ನಿ. "ಈ ಕಾಗದ ಬೇಡ, ಬಿಸಾಕಿ" ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಮೌಸ್ ಎಲ್ಲಿ ತಡವರಿಸುತ್ತದೆ ನೋಡಿ. ಸಹಾಯ ಮಾಡಲು ಕೈ ಚಾಚಬೇಡಿ, ಅದೇ ಕಷ್ಟದ ಭಾಗ.

ತುಮಕೂರು_ರಸ್ತೆ
ಹಾಗಾದರೆ ಮೂರು ಫೋಲ್ಡರ್ ಇಡಿ. ದಾರದ ಫೈಲ್, ಚಿಕ್ಕಪೇಟೆಯವರ ಬಾಕ್ಸ್ ಫೈಲ್, ಹಳದಿ ಫೋಲ್ಡರ್. ಬೇರೆಬೇರೆ ಮೆಷಿನ್‌ನಲ್ಲಿ ಒಂದೊಂದು. ಬಾಕ್ಸ್ ಫೈಲ್ ನಾನು ಬಿಡಿಸಿ ಕಳಿಸುತ್ತೇನೆ. 16ರಲ್ಲಿ ಆ ತೂತು ಚೆನ್ನಾಗಿ ನಿಲ್ಲುತ್ತದೆ ಅಂತ ನನ್ನ ಲೆಕ್ಕ.

ಬನಶಂಕರಿ_ಬಸ್‌ಸ್ಟಾಪ್
ನಾಲ್ಕನೇದು ಸೇರಿಸಿ: ದಾರ ಬಿಚ್ಚಿದ ಫೈಲ್, ಬಾಯಿ ಸ್ವಲ್ಪ ತೆರೆದು ಒಳಗಿನ ಬಿಳಿ ಕಾಗದ ಒಂದು ಪಿಕ್ಸೆಲ್ ಕಾಣುವ ಹಾಗೆ. ನನ್ನ ಪ್ರಕಾರ ಹಳದಿಯೇ ಗೆಲ್ಲುತ್ತದೆ, ಆದರೆ ದಾರ ಇಡಲೇಬೇಕು ಅಂದರೆ ಬಿಚ್ಚಿರಲಿ.

ಇಂಕ್‌ಸ್ಕೇಪ್_ಅಕ್ಕ
ಬಿಚ್ಚಿದ ದಾರ 16ರಲ್ಲಿ ಬರುತ್ತದೆ. ಬಲ ಅಂಚಿನಿಂದ ಹೊರಕ್ಕೆ ಎರಡು ಪಿಕ್ಸೆಲ್ ಕೆಂಪು, ಆಮೇಲೆ ಕೆಳಕ್ಕೆ ಮೂರು. ಅದಕ್ಕೆ ಫೈಲ್‌ನ ಅಗಲ 14ರಿಂದ 12ಕ್ಕೆ ಇಳಿಸಬೇಕು. ಇವತ್ತು ರಾತ್ರಿ ಬಿಡಿಸಿ ಹಾಕುತ್ತೇನೆ, ನಾಲ್ಕೂ ಒಂದೇ ಗ್ರಿಡ್‌ನಲ್ಲಿ ಇರಲಿ.